ಏರಿಯಮ್ಮ ಕೊಟ್ಟ ಮುಖಜಾಲರಿ

ನಮ್ಮ ಮನೆಯ ದೇವರ ಗೂಡಿನ ಪಕ್ಕ ಒಂದು ಮೊಳೆ ಇದೆ. ಮೊದಲು ಅದರಲ್ಲಿ ಪಂಚಾಂಗ ನೇತಾಡುತ್ತಿತ್ತು. ಈಗ ಒಂದು ತಂತಿಯ ಜಾಲರಿ ನೇತಾಡುತ್ತದೆ. ಮನೆಗೆ ಬಂದವರು ದೇವರಿಗೆ ಕೈ ಮುಗಿಯುವ ಮುಂಚೆ ಅದನ್ನು ನೋಡುತ್ತಾರೆ, ಕೈ ಮುಗಿದ ಮೇಲೂ ಅದನ್ನೇ ನೋಡುತ್ತಾರೆ. ಹಾಲು ಹಾಕುವ ಹೆಂಗಸು, ದೇವರ ಪಕ್ಕದಲ್ಲಿ ಮೊಟ್ಟೆ ಬುಟ್ಟಿ ಇಡಬಹುದಾ ಅಕ್ಕ ಎಂದು ಮೆಲ್ಲಗೆ ಕೇಳಿದಳು. ಸಿಲಿಂಡರ್ ತರುವವನು ನಾಯಿ ಕಟ್ಟಿ ಹಾಕಿದ್ದೀರಾ ಎಂದು ಬಾಗಿಲಲ್ಲೇ ನಿಂತುಬಿಟ್ಟ. ನಾನು ಎಲ್ಲರಿಗೂ ಒಂದೇ ಉತ್ತರ ಹೇಳುತ್ತೇನೆ: ಅದು ಪ್ರಸಾದ. ಅವರು ಇನ್ನೂ ಗಾಬರಿಯಾಗುತ್ತಾರೆ. ಆಗ ಕೂರಿಸಿ, ಕಾಫಿ ಕೊಟ್ಟು, ಕಥೆ ಹೇಳಬೇಕಾಗುತ್ತದೆ. ಹೇಳಿ ಹೇಳಿ ಬಾಯಿಪಾಠವಾಗಿದೆ. ಹಾಗಾಗಿ ನೀವೂ ಕೂತುಕೊಳ್ಳಿ.

ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಮಾಡಿದ ಸಣ್ಣ ಉಪಕಾರಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಹೇಳಿಕೊಳ್ಳುವುದು ನನ್ನ ಅಭ್ಯಾಸ. ದೊಡ್ಡದನ್ನು ಕೇಳಲು ನನಗೆ ಸಂಕೋಚ. ದೊಡ್ಡದನ್ನು ಕೇಳುವವರ ಸಾಲು ಯಾವಾಗಲೂ ಉದ್ದವಿರುತ್ತದೆ, ನಾನು ಅದರಲ್ಲಿ ನಿಲ್ಲುವುದಿಲ್ಲ. ಚಳಿಯಲ್ಲೂ ದೋಸೆ ಹಿಟ್ಟು ಹುಳಿ ಬಂತು, ಸ್ವಾಮಿ, ನಿನ್ನ ದಯೆ. ಮಿಕ್ಸಿ ನಿಲ್ಲಿಸಿದ ಮೇಲೇ ಕರೆಂಟು ಹೋಯಿತು, ನಿನ್ನ ದಯೆ. ಚನ್ನಗಿರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದ ಹೆಂಗಸಿಗೇ ವಾಂತಿ ಬರುವಂತಾಯಿತು, ನನಗಲ್ಲ. ಇದನ್ನು ಹೇಳಿಕೊಂಡ ಮೇಲೆ ತುಸು ನಾಚಿಕೆಯಾಗಿ ಆಕೆಗೂ ಒಳ್ಳೆಯದಾಗಲಿ ಎಂದು ಸೇರಿಸಿದ್ದೆ. ಇಂಥ ಚಿಲ್ಲರೆ ದಯೆಗಳ ನಡುವೆ ಒಂದು ದಿನ ದೊಡ್ಡದೊಂದು ಬಂದು ಕೂತಿತು. ಅದನ್ನು ನಾನು ಕೇಳಿರಲಿಲ್ಲ.

ನಮ್ಮೂರು ಕತ್ತಲಗೆರೆಯ ಬಳಿ. ನನ್ನ ತವರು ಜಗಳೂರು ತಾಲ್ಲೂಕಿನ ಬಿಳಿಚೋಡು. ಮನೆಯಲ್ಲಿ ನಮ್ಮತ್ತೆ, ವೆಲ್ಡಿಂಗ್ ಅಂಗಡಿ ಇಟ್ಟಿರುವ ನಮ್ಮ ಮನೆಯವರು, ಒಂಬತ್ತನೇ ಕ್ಲಾಸಿನ ಮಗಳು ಚೈತ್ರಾ. ಅವಳ ಹೈಸ್ಕೂಲಿಗೆ ನ್ಯಾಮತಿ ಕಡೆಯಿಂದ ಒಬ್ಬ ಪಿ.ಟಿ. ಮೇಡಂ ಬಂದರು. ನಕ್ಕರೆ ಮುಂದಿನ ಹಲ್ಲೊಂದು ಅರ್ಧವೇ ಕಾಣುತ್ತದೆ. ಅವರು ಬಂದದ್ದೇ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಎಲ್ಲರ ಕೈಗೂ ಒಂದು ಕಲ್ಲು ಕೊಟ್ಟು, ದೂರದ ಜಾಲಿ ಮರಕ್ಕೆ ಹೊಡೆಯಿರಿ ಅಂದರಂತೆ. ಚೈತ್ರಾ ಎಸೆದ ಕಲ್ಲು ಮರಕ್ಕೆ ಬಿತ್ತು. ನಮ್ಮ ಮನೆಯ ಮಾವಿನ ಮರಕ್ಕೆ ಕಲ್ಲು ಎಸೆಯಬೇಡ ಎಂದು ನಾನು ವರ್ಷಗಟ್ಟಲೆ ಬೈದದ್ದೆಲ್ಲ ಅಂದು ಒಂದು ವಿದ್ಯೆಯಾಗಿ ಹೊರಬಂತು. ಮೇಡಂ ಅವಳನ್ನು ಸಾಫ್ಟ್‌ಬಾಲ್ ಆಟಕ್ಕೆ ಸೇರಿಸಿಕೊಂಡರು.

ಸಾಫ್ಟ್ ಅಂದರೆ ಮೆತ್ತಗೆ ಎಂಬಷ್ಟು ಇಂಗ್ಲಿಷು ನನಗೂ ಬರುತ್ತದೆ. ಬಟ್ಟೆ ಚೆಂಡಿರಬೇಕೆಂದು ನಿಶ್ಚಿಂತೆಯಾಗಿದ್ದೆ. ಒಂದು ದಿನ ಅವಳು ಚೆಂಡನ್ನು ಮನೆಗೆ ತಂದಳು. ಹಳದಿ ಬಣ್ಣ, ಚೆನ್ನಾಗಿ ಬಲಿತ ಬಿಲ್ವದ ಕಾಯಿಯಷ್ಟು ದಪ್ಪ, ಹೆಚ್ಚು ಕಡಿಮೆ ಅಷ್ಟೇ ಗಟ್ಟಿ. ಅಡುಗೆಮನೆ ಕಟ್ಟೆಯ ಮೇಲಿಟ್ಟರೆ ಟಕ್ಕೆಂದಿತು. ಹೆಸರಿಟ್ಟವರು ಅದನ್ನು ಕೈಯಲ್ಲಿ ಹಿಡಿದಿರಲಿಲ್ಲವೋ ಏನೋ.

ಆಟ ನನಗೆ ಅರ್ಥವಾದದ್ದು ರಂಗೋಲಿಯಿಂದ. ನಾಲ್ಕು ಮೂಲೆಯ ಒಂದು ರಂಗೋಲಿ ಹಾಕಿ. ಕೆಳಗಿನ ಮೂಲೆಯಲ್ಲಿ ದಾಂಡು ಹಿಡಿದವಳು. ಉಳಿದ ಮೂರು ಮೂಲೆಗಳು ಬೇಸುಗಳು. ಹೊಡೆದವಳು ಒಂದೊಂದೇ ಮೂಲೆ ಮುಟ್ಟುತ್ತ ಓಡಿ ಮತ್ತೆ ಮನೆಗೆ ಬರಬೇಕು. ಅಷ್ಟರೊಳಗೆ ಎದುರಿನವರು ಚೆಂಡು ಹಿಡಿದು ಬೇಸಿಗೆ ಎಸೆದರೆ ಅವಳು ಔಟು. ಒಂದು ತಂಡ ಹೊಡೆಯುವಾಗ ಇನ್ನೊಂದು ತಂಡ ಮೈದಾನ ಕಾಯುತ್ತದೆ, ಆಮೇಲೆ ಅದಲುಬದಲು. ಚೈತ್ರಾ ನಿಲ್ಲುವುದು ಮೂರನೇ ಬೇಸಿನಲ್ಲಿ. ದಾಂಡಿಗೆ ಬಡಿದ ಚೆಂಡು ಎಲ್ಲೆಲ್ಲಿಗೋ ಹೋಗಬಹುದು, ಆದರೆ ಅತಿ ಸಿಟ್ಟಿನಲ್ಲಿ ಬರುವುದು ಮೂರನೇ ಬೇಸಿಗೆ ಎಂದು ಅವಳು ಹೆಮ್ಮೆಯಿಂದ ಹೇಳುತ್ತಿದ್ದಳು. ಆ ಹೆಮ್ಮೆ ನನಗೂ ಸ್ವಲ್ಪ ಅಂಟಿತ್ತು.

ಅಂಥ ಸಿಟ್ಟಿನ ಚೆಂಡೊಂದು ಅವಳ ಎಡಗಣ್ಣಿನ ಕೆಳಗೆ ಬಡಿಯಿತು. ಮೇಡಂ ಸ್ಕೂಟಿಯಲ್ಲಿ ಮನೆಗೆ ಕರೆತಂದಾಗ ಮುಖದ ಅರ್ಧ ಭಾಗ ನನ್ನ ಮಗಳದ್ದಾಗಿತ್ತು, ಇನ್ನರ್ಧ ಯಾರದ್ದೋ ಆಗಿತ್ತು. ದಾವಣಗೆರೆಯ ಕಣ್ಣಿನ ಡಾಕ್ಟರು ದೀಪ ಹಾಕಿ, ಮೇಲೆ ನೋಡು ಕೆಳಗೆ ನೋಡು ಎಂದು ಬಹಳ ಹೊತ್ತು ಪರೀಕ್ಷಿಸಿ, ಕಣ್ಣಿಗೇನೂ ಆಗಿಲ್ಲ, ಒಂದು ಬೆರಳು ಮೇಲೆ ಬಿದ್ದಿದ್ದರೆ ಮಾತ್ರ ಕಷ್ಟವಿತ್ತು ಅಂದರು. ಬಸ್ಸಿನಲ್ಲಿ ಬರುವಾಗ ನನ್ನ ಬೆರಳನ್ನೇ ನೋಡುತ್ತ ಕೂತಿದ್ದೆ. ಇಷ್ಟು ಸಣ್ಣ ಅಳತೆಯಲ್ಲಿ ದೇವರು ಎಷ್ಟು ದೊಡ್ಡ ಕೆಲಸ ಮಾಡುತ್ತಾನೆ. ಅಲ್ಲೇ ಹರಕೆ ಹೊತ್ತೆ: ಬಾವು ಇಳಿದ ಮೇಲೆ ಕೆರೆ ಏರಿಯ ಮೇಲಿರುವ ನಮ್ಮ ಏರಿಯಮ್ಮನಿಗೆ ಮೌನದ ಸುತ್ತು ಹಾಕುತ್ತೇನೆ.

ಮೌನದ ಸುತ್ತು ನಮ್ಮ ಏರಿಯಮ್ಮನಿಗೆ ಬಹಳ ಪ್ರೀತಿ. ಗುಡಿಯ ಹೊಸಿಲು ದಾಟಿದಾಗಿನಿಂದ ಸುತ್ತೆಲ್ಲ ಮುಗಿಯುವವರೆಗೆ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಹರಕೆ ಕೆಟ್ಟಂತೆ. ಹೆಂಗಸರಿಗೆ ಇಂಥದ್ದೊಂದು ಹರಕೆ ಕಂಡುಹಿಡಿದವರು ಖಂಡಿತ ಯಾರದೋ ಗಂಡನೇ ಇರಬೇಕೆಂದು ನಮ್ಮ ಮನೆಯವರು ನಗುತ್ತಾರೆ. ನಗಲಿ. ಆ ಹರಕೆಯಿಂದಲೇ ಮುಂದಿನ ಫಜೀತಿ ಆದದ್ದು.

ಬಾವು ಇಳಿಯುವ ಮುಂಚೆಯೇ ಮನೆಯಲ್ಲಿ ಎರಡು ಪಕ್ಷವಾಯಿತು. ಆಟ ಬಿಡಿಸು ಎಂದು ನಮ್ಮತ್ತೆ. ಬಿಡಲ್ಲ ಎಂದು ಮಗಳು. ಜಿಲ್ಲಾ ಮಟ್ಟದ ಆಟ ಹೊನ್ನಾಳಿಯಲ್ಲಿತ್ತು. ಚನ್ನಗಿರಿ ತಾಲ್ಲೂಕಿನ ತಂಡದಲ್ಲಿ ಅವಳ ಹೆಸರು ಬಂದಿತ್ತು. ಕೊನೆಗೆ ಮೇಡಂ ಬಂದು ತೀರ್ಪು ಕೊಟ್ಟರು. ಮುಖಕ್ಕೆ ಜಾಲರಿ ಹಾಕಿದರೆ ಆಡಿಸುತ್ತೇನೆ, ಇಲ್ಲದಿದ್ದರೆ ಮೈದಾನಕ್ಕೆ ಇಳಿಸುವುದಿಲ್ಲ, ಅವಳು ಅತ್ತರೂ ಸರಿ, ನೀವು ಅತ್ತರೂ ಸರಿ. ಆಮೇಲೆ ತಮ್ಮ ಅರ್ಧ ಹಲ್ಲನ್ನು ಬೆರಳಿನಿಂದ ಮುಟ್ಟಿ ತೋರಿಸಿ, "ನಮ್ ಕಾಲದಾಗೆ ಹಿಂಗೊಂದು ಸಿಕ್ಕಿದ್ರೆ ಈ ಹಲ್ಲು ನನ್ ಜತೇಲೆ ಇರ್ತಿತ್ತು" ಅಂದರು.

ಜಾಲರಿ ಅಂದದ್ದೇ ತಡ, ನಮ್ಮ ಮನೆಯವರ ಮುಖ ಅರಳಿತು. ಕಬ್ಬಿಣದ ವಿಷಯ ಬಂದರೆ ಅವರಿಗೆ ಯಾರೂ ಏನೂ ಹೇಳಿಕೊಡಬೇಕಿಲ್ಲ. ಎರಡು ದಿನ ಅಂಗಡಿಯಲ್ಲಿ ಕಿಡಿ ಹಾರಿಸಿ ಒಂದು ಮುಖವಾಡ ಮಾಡಿ ತಂದರು. ಗಟ್ಟಿತನದಲ್ಲಿ ಅದಕ್ಕೆ ಸಮನಿರಲಿಲ್ಲ. ಕಿಟಕಿಗೆ ಹಾಕುವ ಸರಳೇ ಅದು, ಕಳ್ಳ ಕೂಡ ಒಳಗೆ ನುಗ್ಗಲಾರ. ಚೈತ್ರಾ ಹಾಕಿಕೊಂಡಳು. ತಲೆ ಮುಂದಕ್ಕೆ ಬಾಗಿತು. ಎತ್ತಲು ನೋಡಿದಳು, ಆಗಲಿಲ್ಲ. ಒಳಗಿನಿಂದ ಅವಳ ನಗು ಕೇಳಿಸುತ್ತಿತ್ತು, ಮುಖ ಮಾತ್ರ ನೆಲ ನೋಡುತ್ತಿತ್ತು. ಈಗ ಆ ಮುಖವಾಡ ನಮ್ಮ ತುಳಸಿ ಗಿಡದ ಮೇಲೆ ಬೋರಲಾಗಿದೆ. ಪಕ್ಕದ ಮನೆಯ ಮೇಕೆ ಬಾಯಿ ಹಾಕುವುದು ನಿಂತಿದೆ. ಕಣ್ಣಿನ ಜಾಗದಿಂದ ಎರಡು ಕುಡಿ ಹೊರಗೆ ಬಂದು ಬಿಸಿಲು ಕಾಯಿಸುತ್ತಿವೆ. ಅದೂ ಒಂದು ದಯೆಯೇ.

ಆಮೇಲೆ ಮೇಡಂ ಫೋನಿನಲ್ಲಿ ಹುಡುಕಿ ಸರಿಯಾದದ್ದನ್ನು ತರಿಸಿದರು. ಪೊಟ್ಟಣ ಬಿಚ್ಚಿದ ದಿನ ನನಗೆ ಹೊಸ ಸೀರೆ ಬಂದಷ್ಟು ಸಂಭ್ರಮ. ಕಪ್ಪು ಬಣ್ಣದ ಸಪೂರ ತಂತಿಗಳು. ಹಣೆಗೆ ಒಂದು, ಕೆನ್ನೆಗೆ ಎರಡು, ಗದ್ದಕ್ಕೆ ಒಂದು ಬಟ್ಟಲಿನಂಥದ್ದು. ಕಣ್ಣಿನ ಎದುರು ಮಾತ್ರ ಅಗಲವಾದ ಬಯಲು. ಒಳಗೆ ಹಣೆಗೂ ಗದ್ದಕ್ಕೂ ಸ್ಪಂಜಿನ ಮೆತ್ತೆ. ಹಿಂದೆ ಜಡೆ ಹೊರಗೆ ಬರಲು ಜಾಗ. ಈ ಜಡೆಯ ಜಾಗ ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಎಲ್ಲೋ ದೂರದಲ್ಲಿ ಕೂತು ಇದನ್ನು ಮಾಡಿದವರು ಯಾವುದೋ ಹುಡುಗಿಯ ಜಡೆಯನ್ನು ನೆನೆದಿದ್ದಾರೆ.

ಕವಚ ಅಂತ ಒಂದು ಜಾತಿಯ ಸ್ತೋತ್ರಗಳಿವೆ, ಪೂಜೆಗೆ ಕೂತವರು ಹೇಳುವುದನ್ನು ನೀವು ಕೇಳಿರುತ್ತೀರಿ. ಹಣೆಯನ್ನು ಈ ದೇವಿ ಕಾಯಲಿ, ಹುಬ್ಬನ್ನು ಆ ದೇವಿ ಕಾಯಲಿ, ಕಣ್ಣಿಗೊಬ್ಬಳು, ಮೂಗಿಗೊಬ್ಬಳು, ಹಲ್ಲಿಗೊಬ್ಬಳು, ಗದ್ದಕ್ಕೊಬ್ಬಳು ಎಂದು ಹೇಳುತ್ತ ಹೋಗುತ್ತವೆ. ಎಲ್ಲವನ್ನೂ ಕಾಪಾಡು ಎಂದು ಒಟ್ಟಿಗೆ ಕೇಳಿದರೆ ಆಗದೇ, ಇಷ್ಟು ಬಿಡಿಸಿ ಯಾಕೆ ಕೇಳಬೇಕು ಎಂದು ಮೊದಲೆಲ್ಲ ಅನಿಸುತ್ತಿತ್ತು. ಈ ಜಾಲರಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ ಮೇಲೆ ಗೊತ್ತಾಯಿತು. ಪೆಟ್ಟು ಒಟ್ಟಿಗೆ ಬೀಳುವುದಿಲ್ಲ. ಹುಬ್ಬಿಗೋ ಮೂಗಿಗೋ ಬಿಡಿಯಾಗಿಯೇ ಬೀಳುತ್ತದೆ. ಆದ್ದರಿಂದ ಕಾಯುವವರೂ ಬಿಡಿಬಿಡಿಯಾಗಿಯೇ ನಿಲ್ಲಬೇಕು. ಸ್ತೋತ್ರ ಕಟ್ಟಿದವರಿಗೂ ಜಾಲರಿ ಕಟ್ಟಿದವರಿಗೂ ಮನೆಯಲ್ಲಿ ಮಕ್ಕಳಿದ್ದಿರಬೇಕು.

ಇದನ್ನೆಲ್ಲ ನಮ್ಮತ್ತೆಗೆ ವಿವರಿಸಿದೆ. ಅವರು ಜಾಲರಿಯನ್ನು ಮುಟ್ಟಲೂ ಇಲ್ಲ. ಕಣ ಮಾಡುವಾಗ ಎತ್ತು ಕಾಳಿಗೆ ಬಾಯಿ ಹಾಕದಿರಲಿ ಎಂದು ಮೂತಿಗೆ ಹಗ್ಗದ ಬಲೆ ಕಟ್ಟುತ್ತಾರಲ್ಲ, ಬಾಯಿಕುಕ್ಕೆ, ಅದು ಇದು ಅಂದರು. "ಹೆಣ್ಮಗಳ ಮುಖಕ್ಕೆ ಬಾಯಿಕುಕ್ಕೆ ಕಟ್ಟಿ ಹೊನ್ನಾಳಿಗೆ ಕಳಿಸ್ತೀಯೇನೇ? ನೋಡ್ದೋರು ಏನಂದಾರು, ಕಚ್ತಾಳೇನೋ ಅಂದಾರು." ನನಗೆ ನಗು ಬಂದರೂ ತಡೆದುಕೊಂಡೆ. ಅವರ ಹೊಟ್ಟೆಯೊಳಗಿನ ಸಂಕಟ ನನಗೆ ಗೊತ್ತಿತ್ತು. ಜಾಲರಿ ಬಂದರೆ ಆಟ ಮುಂದುವರಿಯುತ್ತದೆ, ಆಟ ಮುಂದುವರಿದರೆ ಮತ್ತೆ ಚೆಂಡು ಬರುತ್ತದೆ. ಅವರಿಗೆ ಬೇಡವಾಗಿದ್ದದ್ದು ಜಾಲರಿಯಲ್ಲ, ಚೆಂಡು.

ನಮ್ಮ ಮನೆಯಲ್ಲಿ ಹೊಸದೇನೇ ಬಂದರೂ ಮೊದಲು ಏರಿಯಮ್ಮನಿಗೆ ತೋರಿಸಿ ತರುವುದು ರೂಢಿ. ಬಸ್ಸಿನ ಪಾಸು, ಕನ್ನಡಕ, ಒಮ್ಮೆ ನಮ್ಮ ಮನೆಯವರ ಡ್ರಿಲ್ಲಿಂಗ್ ಮಿಷನ್ನು ಕೂಡ ಅಲ್ಲಿಗೆ ಹೋಗಿ ಬಂದಿದೆ. ಹೊನ್ನಾಳಿಗೆ ಹೊರಡುವ ಹಿಂದಿನ ದಿನ ಹರಕೆ ತೀರಿಸಲು ಗುಡಿಗೆ ಹೋದಾಗ ಜಾಲರಿಯನ್ನೂ ಒಯ್ದೆ. ಒಂದೇ ಓಡಾಟದಲ್ಲಿ ಎರಡು ಕೆಲಸ. ಎಲ್ಲ ಕೆಲಸವನ್ನೂ ಹೀಗೆ ಸೇರಿಸಿ ಮಾಡುವ ಬುದ್ಧಿ ನನ್ನದು, ಕುಕ್ಕರಿನಲ್ಲಿ ಅನ್ನದ ಮೇಲೆ ಬೇಳೆ ಇಟ್ಟ ಹಾಗೆ. ಅತ್ತೆಯೂ ಜೊತೆಗೆ ಬಂದರು. ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಊದುಬತ್ತಿ, ನಡುವೆ ಜಾಲರಿ. ಬಾಯಿ ಮುಚ್ಚಿಕೊಂಡು ಹೊಸಿಲು ದಾಟಿದೆ, ತಟ್ಟೆಯನ್ನು ಪೂಜಾರಿ ಬಸಜ್ಜನ ಕೈಗೆ ಕೊಟ್ಟೆ, ಸುತ್ತು ಹಾಕಲು ಶುರು ಮಾಡಿದೆ.

ನಾನು ಮರೆತ ಸಂಗತಿ ಒಂದಿತ್ತು. ನಮ್ಮಲ್ಲಿ ಕಣ್ಣು ಬೇನೆ ವಾಸಿಯಾದರೆ ಅಮ್ಮನಿಗೆ ಬೆಳ್ಳಿ ಕಣ್ಣು ಒಪ್ಪಿಸುತ್ತಾರೆ, ಮುಖಕ್ಕೆ ಪೆಟ್ಟಾಗಿ ಉಳಿದರೆ ತಗಡಿನ ಮುಖ. ಮೌನದ ಹರಕೆಯವರು ಕೊಟ್ಟದ್ದನ್ನು ಬಸಜ್ಜ ಏನು, ಯಾಕೆ ಎಂದು ಕೇಳುವುದಿಲ್ಲ. ಕೇಳಿದರೆ ಅವರು ಬಾಯಿ ಬಿಡಬೇಕಾದೀತಲ್ಲ. ಮಾತಿಲ್ಲದೆ ತಟ್ಟೆಯಲ್ಲಿ ಬಂದದ್ದು ಅಮ್ಮನದು. ಊರಿಗೆಲ್ಲ ನನ್ನ ಮಗಳ ಕಣ್ಣಿನ ಸುದ್ದಿ ಗೊತ್ತು. ಆ ಮುದುಕ ಇನ್ನೇನು ತಿಳಿದುಕೊಳ್ಳಬೇಕು?

ಎರಡನೇ ಸುತ್ತಿನಲ್ಲಿ ಬಾಗಿಲ ಎದುರು ಬಂದಾಗ ಒಳಗೆ ನೋಡಿದೆ. ಬಸಜ್ಜ ಜಾಲರಿಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದ. ಇರಲಿ, ಒಳ್ಳೆಯದೇ. ಮೂರನೇ ಸುತ್ತಿನಲ್ಲಿ ಅದು ಅಮ್ಮನ ಮಡಿಲಲ್ಲಿತ್ತು. ಬಸಜ್ಜ ಮಂಗಳಾರತಿಯ ತಟ್ಟೆಗೆ ಕರ್ಪೂರ ಇಡುತ್ತಿದ್ದ. ನನ್ನ ಕಾಲು ನಿಂತಿತು. ಮಂಗಳಾರತಿ ಆಗಿಬಿಟ್ಟರೆ ಮುಗಿಯಿತು, ಅಮ್ಮನ ಮಡಿಲಿಗೆ ಸೇರಿದ್ದನ್ನು ನಮ್ಮೂರಿನಲ್ಲಿ ಯಾರೂ ವಾಪಸು ತಂದದ್ದಿಲ್ಲ. ಬಾಯಿ ಬಿಟ್ಟು ಅಜ್ಜಾ ಎಂದರೆ ಸಾಕಿತ್ತು. ಆದರೆ ಹರಕೆ ಹೊತ್ತದ್ದು ಕಣ್ಣಿಗಾಗಿ. ಜಾಲರಿ ಉಳಿಸಿಕೊಳ್ಳಲು ಹೋಗಿ ಕಣ್ಣಿನ ಹರಕೆ ಕೆಡಿಸುವುದೇ? ಹರಕೆ ಉಳಿಸಿಕೊಂಡು ಜಾಲರಿ ಬಿಡುವುದೇ? ಎರಡೂ ಅದೇ ಕಣ್ಣಿನದು. ಕೈ ಬೀಸಿದೆ. ನನ್ನ ಮುಖವನ್ನು ಮುಟ್ಟಿ ತೋರಿಸಿದೆ. ಎರಡೂ ಕೈಯಿಂದ ಬೇಡ ಬೇಡ ಎಂದೆ. ಬಸಜ್ಜ ಅದನ್ನು ಭಕ್ತಿಯ ಆವೇಶವೆಂದು ತಿಳಿದು ನನ್ನತ್ತ ಕೈ ಎತ್ತಿ ಆಶೀರ್ವಾದ ಮಾಡಿ ಗಂಟೆಯನ್ನು ಇನ್ನೂ ಜೋರಾಗಿ ಬಾರಿಸಿದ. ಕಂಬಕ್ಕೆ ಒರಗಿ ಕೂತಿದ್ದ ಅತ್ತೆಯ ಕಡೆ ನೋಡಿದೆ. ಅವರು ತೃಪ್ತಿಯಿಂದ ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಸೊಸೆಗೆ ಕೊನೆಗೂ ಬುದ್ಧಿ ಬಂದು ಬಾಯಿಕುಕ್ಕೆಯನ್ನು ಅಮ್ಮನಿಗೇ ಒಪ್ಪಿಸಿದಳು ಎಂದು ಅವರ ಭಾವನೆ.

ಉಳಿದ ಸುತ್ತುಗಳನ್ನು ನಾನು ಹಾಕಿದ ವೇಗ ಕಂಡಿದ್ದರೆ ಮೇಡಂ ನನ್ನನ್ನೂ ತಂಡಕ್ಕೆ ಸೇರಿಸಿಕೊಳ್ಳುತ್ತಿದ್ದರು. ಬೇಸಿನಿಂದ ಬೇಸಿಗೆ ಓಡಿದ ಹಾಗೆ ನಾಲ್ಕೂ ಮೂಲೆ ಸುತ್ತಿದೆ. ಕೊನೆಯ ಸುತ್ತು ಮುಗಿಸಿ ಬಾಯಿ ತೆರೆದಾಗ ಉಸಿರಿರಲಿಲ್ಲ, ಮಾತು ಬರಲು ಇನ್ನಷ್ಟು ಹೊತ್ತಾಯಿತು. ಅಷ್ಟರಲ್ಲಿ ಬಸಜ್ಜ ಮಂಗಳಾರತಿಯ ತಟ್ಟೆ ಹಿಡಿದು ನನ್ನ ಮುಂದೆ ಬಂದಿದ್ದ.

"ಅಜ್ಜ, ಅದು ಹರಕೇದಲ್ಲ. ಹುಡುಗಿ ನಾಳೆ ಹಾಕ್ಕಂಡು ಆಡಾಕೆ ಬೇಕು. ತೋರಿಸ್ಕಂಡು ಹೋಗಾನ ಅಂತ ತಂದಿದ್ದೆ."

"ತೋರಿಸೋದನ್ನ ಕೈಯಾಗೆ ಹಿಡ್ಕಂಡು ತೋರಿಸ್ಬೇಕವ್ವ. ತಟ್ಟೇಲಿಟ್ರೆ ನಂಗೇನು ಗೊತ್ತಾಗತೈತೆ?" ಬಸಜ್ಜನ ಮುಖವೂ ಸಪ್ಪಗಾಯಿತು. "ಈಗ ಅದು ಅಮ್ಮಂದು. ನಾನು ಎತ್ತಿ ಕೊಡಾಕೆ ಬರಲ್ಲ. ಅಮ್ಮನ್ನೇ ಕೇಳ್ಬೇಕು."

ಆ ಹೊತ್ತಿಗೆ ಚೈತ್ರಾ ಶಾಲೆಯಿಂದ ಸೈಕಲ್ಲಿನಲ್ಲಿ ನೇರ ಅಲ್ಲಿಗೇ ಬಂದಳು. ಹೊನ್ನಾಳಿಗೆ ಒಯ್ಯುವ ಚೀಲ ಬೆನ್ನಿಗಿತ್ತು. ಅಮ್ಮನ ಮಡಿಲಲ್ಲಿ ತನ್ನ ಜಾಲರಿ ಕಂಡಳು, ನನ್ನ ಮುಖ ಕಂಡಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ, ನಮ್ಮೂರಿನ ಮಗುವಲ್ಲವೇ. ಅಳಲಿಲ್ಲ. ಚೀಲ ಇಳಿಸಿ ಮೆಟ್ಟಿಲ ಮೇಲೆ ಕೂತಳು. ಕೆನ್ನೆಯ ಮೇಲೆ ಇನ್ನೂ ತಿಳಿ ಹಸಿರು ಕಲೆಯಿತ್ತು.

"ಇರ್ಲಿ ಬಿಡಮ್ಮ. ನಾಳೆ ನಾನು ನೀರು ಕೊಡೋ ಕೆಲ್ಸ ಮಾಡ್ತೀನಿ" ಅಂದಳು.

ಇದನ್ನು ಅವಳು ಬಹಳ ಸಾಧಾರಣವಾಗಿ ಅಂದಳು. ನಮ್ಮತ್ತೆ ಮೊಮ್ಮಗಳನ್ನೇ ನೋಡುತ್ತಿದ್ದರು. ಕಂಬ ಹಿಡಿದು ಎದ್ದರು. ಹೂವು ಕೇಳ್ರಿ ಎಂದು ಬಸಜ್ಜನಿಗೆ ಹೇಳಿದರು.

ಹೂವು ಕೇಳುವುದು ಗೊತ್ತಲ್ಲ. ಅಮ್ಮನ ಮುಡಿಯ ಮೇಲೆ ನೀರು ಹಚ್ಚಿದ ಒಂದು ಹೂವು ಇಟ್ಟು ಮನಸ್ಸಿನ ಮಾತು ಕೇಳಬೇಕು. ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡವೆಂದು. ಬಸಜ್ಜ ಕೆಂಪು ಕಣಗಿಲೆ ಹೂವೊಂದನ್ನು ಇಟ್ಟು ಪಕ್ಕಕ್ಕೆ ಸರಿದ. ನಾವು ಕಾದೆವು. ಹೂವು ಅಲುಗಲಿಲ್ಲ. ನಾನು ನನ್ನ ಬದುಕಿನ ಸಣ್ಣ ದಯೆಗಳನ್ನೆಲ್ಲ ಅಮ್ಮನಿಗೆ ನೆನಪಿಸಿದೆ, ಅವನ್ನೆಲ್ಲ ಬೇಕಾದರೆ ವಾಪಸು ತೆಗೆದುಕೋ, ಹಿಟ್ಟು ಹುಳಿ ಬರದಿದ್ದರೂ ಸರಿ ಎಂದೆ. ಹೂವು ಅಲುಗಲಿಲ್ಲ. ಕೆರೆಯ ಗಾಳಿ ಕೂಡ ಅಂದು ಬಿಗುಮಾನ ಮಾಡುತ್ತಿತ್ತು.

ಅತ್ತೆಗೆ ತಾಳ್ಮೆ ಕಡಿಮೆ, ದೇವರ ವಿಷಯದಲ್ಲಂತೂ ಇನ್ನೂ ಕಡಿಮೆ. ಗರ್ಭಗುಡಿಯ ಹೊಸಿಲ ತನಕ ಹೋಗಿ ನಿಂತು, ಓಣಿಯ ಗೆಳತಿಯ ಜೊತೆ ಮಾತಾಡುವ ದನಿಯಲ್ಲೇ ಶುರು ಮಾಡಿದರು.

"ಏನವ್ವಾ ಏರಿಯಮ್ಮ, ನಾನು ಮದುವ್ಯಾಗಿ ಬಂದಾಗ ನಿನ್ ಕಲ್ಲು ಮುಖ ನೋಡೀನಿ. ಕೆನ್ನೆ ಮುಕ್ಕಾಗಿತ್ತು. ಊರೋರು ಬೆಳ್ಳಿ ಮುಖ ಮಾಡಿಸಿ ಹಾಕಿದಮ್ಯಾಲೆ ನೀನು ನಾಲ್ಕು ಜನದಾಗೆ ಕುಂತೀದಿ. ನಮ್ ಮಗೀಗೂ ಕೆನ್ನೆಗೇ ಪೆಟ್ಟಾಗೈತೆ. ಅದಕ್ಕಿರಾದು ಈ ತಂತೀದೊಂದೇ. ನಿಂಗೆ ಎರಡೆರಡು ಯಾಕೆ ಬೇಕು?"

ನಾನು ಬೆರಗಾಗಿ ಅವರನ್ನೇ ನೋಡಿದೆ. ಮೊದಲು ಬಾಯಿಕುಕ್ಕೆ ಎಂದಿದ್ದವರು ಈಗ ಅದನ್ನು ಬೆಳ್ಳಿಯ ಮುಖದ ಪಕ್ಕದಲ್ಲಿಟ್ಟು ವಾದ ಮಾಡುತ್ತಿದ್ದರು. ನಾನು ಹಾಗೆ ನೋಡುತ್ತಿರುವಾಗಲೇ ಬಸಜ್ಜ ಶ್ ಎಂದ. ಹೂವು ಸರಿಯಿತು. ಅಮ್ಮನ ಹಣೆ, ಮೂಗು, ಗದ್ದದ ಮೇಲಿಂದ ನೇರವಾಗಿ, ಬಲಕ್ಕೂ ಇಲ್ಲದೆ ಎಡಕ್ಕೂ ಇಲ್ಲದೆ ಇಳಿದು, ಮಡಿಲಿನ ಜಾಲರಿಯೊಳಗೆ ಬಿತ್ತು. ತಂತಿಗಳ ನಡುವೆ ಸಿಕ್ಕಿಕೊಂಡು ಅಲ್ಲೇ ನಿಂತಿತು.

ಬಸಜ್ಜ ತಲೆ ಕೆರೆದುಕೊಂಡ. ನಡುವೆ ಬಿದ್ದದ್ದನ್ನು ಅವನೂ ಕಂಡಿರಲಿಲ್ಲ, ಅವನಪ್ಪನೂ ಹೇಳಿರಲಿಲ್ಲ. ಆದರೆ ನಮ್ಮತ್ತೆಗೆ ಯಾವ ಅನುಮಾನವೂ ಇರಲಿಲ್ಲ.

"ಮುತ್ತೈದೆಗೆ ಕೊಡೋವಾಗ ಬರೀ ತಟ್ಟೆ ಕೊಡ್ತಾರೇನು? ಹೂ ಇಟ್ಟು ಕೊಟ್ಟಾಳೆ. ಎತ್ಕಂಬರ್ರಿ."

ಬಸಜ್ಜನಿಗೂ ಇದೇ ಬೇಕಿತ್ತು ಎಂದು ಕಾಣುತ್ತದೆ. ಹೂವಿನ ಸಮೇತ ಎತ್ತಿ ತಂದು ಚೈತ್ರಾಳ ಕೈಗೆ ಕೊಟ್ಟ. ಅವಳು ಕಣ್ಣಿಗೊತ್ತಿಕೊಂಡಳು. ಮನೆಗೆ ಬರುವ ದಾರಿಯಲ್ಲಿ ಜಾಲರಿ ಹಿಡಿದವರು ನಮ್ಮತ್ತೆ. ಸೆರಗಿನಲ್ಲಿ ಮುಚ್ಚಿ ಹಿಡಿದಿದ್ದರು. ಎದುರಿಗೆ ಸಿಕ್ಕವರು ಏನದು ಎಂದು ಕೇಳಿದರೆ ಸೆರಗು ಸರಿಸಿ ತೋರಿಸಿ ಮತ್ತೆ ಮುಚ್ಚುತ್ತಿದ್ದರು, ಕೂಸಿನ ಮುಖ ತೋರಿಸುವವರ ಹಾಗೆ.

ಮಾರನೆಯ ದಿನ ಹೊನ್ನಾಳಿಯ ಮೈದಾನದಲ್ಲಿ ನಾನು ಬೇವಿನ ಮರದ ಕೆಳಗೆ ಕೂತಿದ್ದೆ. ಹೊಳೆಯ ಕಡೆಯಿಂದ ತಣ್ಣನೆ ಗಾಳಿ. ಅಂಪೈರು ಜಾಲರಿಯನ್ನು ಕೈಗೆ ತೆಗೆದುಕೊಂಡು ಸ್ಪಂಜಿನ ಮೇಲಿನ ಕೆಂಪು ನೋಡಿ ಇದೇನು ರಕ್ತವೇ ಎಂದು ಗಾಬರಿಯಾದರಂತೆ. ಮೇಡಂ ಕುಂಕುಮ, ಪ್ರಸಾದ ಅಂದರು. ಅವರು ಬೆರಳಿಗೆ ಸ್ವಲ್ಪ ಹಚ್ಚಿಕೊಂಡು ತಮ್ಮ ಹಣೆಗೂ ಇಟ್ಟುಕೊಂಡು ವಾಪಸು ಕೊಟ್ಟರು.

ಎದುರಾಳಿ ಯಾರು ಅಂದುಕೊಂಡಿರಿ? ಜಗಳೂರು. ನನ್ನ ತವರು. ಯಾವ ಕಡೆ ಚಪ್ಪಾಳೆ ಹೊಡೆದರೂ ಇನ್ನೊಂದು ಕಡೆಗೆ ದ್ರೋಹ. ಎರಡು ಕೈ ಸೇರಿದರೆ ತಾನೇ ಚಪ್ಪಾಳೆ, ಒಂದು ಕೈ ಅವರದು ಒಂದು ಕೈ ಇವರದು ಎಂದು ಸಮಾಧಾನ ಮಾಡಿಕೊಂಡೆ. ಮೊದಲು ನಮ್ಮವರು ಮೈದಾನ ಕಾದರು. ಚೈತ್ರಾ ಜಾಲರಿಯೊಳಗಿನಿಂದ ಹುಲಿಮರಿಯ ಹಾಗೆ ನೋಡುತ್ತಿದ್ದಳು. ಪೆಟ್ಟು ತಿಂದವಳ ಹೆದರಿಕೆ ಒಂದಿಷ್ಟೂ ಇರಲಿಲ್ಲ. ಚೆಂಡಿಗೆ ಎದೆ ಕೊಟ್ಟು ಹಿಡಿದಳು, ಮಣ್ಣಿನಲ್ಲಿ ಉರುಳಿ ಹಿಡಿದಳು. ಒಂದೇ ಒಂದು ಚೆಂಡೂ ಅವಳ ಮುಖದ ಹತ್ತಿರ ಸುಳಿಯಲಿಲ್ಲ. ಜಾಲರಿಗೆ ಕೆಲಸವೇ ಇರಲಿಲ್ಲ. ನಿಜ ಹೇಳುತ್ತೇನೆ, ನನಗೆ ಸ್ವಲ್ಪ ನಿರಾಸೆಯೂ ಆಯಿತು. ಅಷ್ಟೊಂದು ಗಲಾಟೆ ಮಾಡಿ ಅಮ್ಮನ ಮಡಿಲಿನಿಂದ ತಂದದ್ದು.

ತಂಡಗಳು ಅದಲುಬದಲಾದವು. ಮೂರನೇ ಬೇಸಿಗೆ ಜಗಳೂರಿನ ಒಬ್ಬ ಸಣಕಲು ಹುಡುಗಿ ಬಂದು ನಿಂತಳು. ಬರಿಯ ಮುಖ. ದಾಂಡಿನ ಕಡೆ ಹೋಗುತ್ತಿದ್ದ ಚೈತ್ರಾ ಅವಳ ಹತ್ತಿರ ನಿಂತದ್ದು ಕಾಣಿಸಿತು. ಜಾಲರಿ ಬಿಚ್ಚಿ ಅವಳ ಕೈಗಿಟ್ಟಳು. ಏನಂದಳು ಎಂದು ಆಮೇಲೆ ಕೇಳಿದಾಗ ಗೊತ್ತಾಯಿತು: "ಹಾಕ್ಕ. ಚೂರು ಕುಂಕುಮ ಹತ್ತತೈತೆ, ಅಷ್ಟೇ." ಮೇಡಂ ತಡೆಯಲಿಲ್ಲ. ಯಾರು ಮೈದಾನ ಕಾಯುತ್ತಾರೋ ಅವರಿಗೆ ತಾನೇ ಅದು ಬೇಕು. ಅಲ್ಲಿಂದ ಮುಂದೆ ಆಟ ಬದಲಾದಾಗಲೆಲ್ಲ ಜಾಲರಿಯೂ ಬದಲಾಯಿತು. ಮದುವೆ ಮನೆಯಲ್ಲಿ ಒಂದೇ ಪಂಚಪಾತ್ರೆ ಎರಡು ಕಡೆಯವರ ಕೈಗೂ ಓಡಾಡುವ ಹಾಗೆ, ಇವಳ ಮುಖದಿಂದ ಅವಳ ಮುಖಕ್ಕೆ, ಅವಳ ಮುಖದಿಂದ ಇವಳ ಮುಖಕ್ಕೆ.

ಆಟ ಸಮಸಮವಾಗಿ ಕೊನೆಗೆ ಬಂತು. ಗೆಲ್ಲಲು ನಮಗೆ ಒಂದೇ ಓಟ ಬೇಕಿತ್ತು. ಅದನ್ನು ತರಬೇಕಾದ ನಮ್ಮ ಹುಡುಗಿ ಆಗಲೇ ಮೂರನೇ ಬೇಸಿನಲ್ಲಿ ತುದಿಗಾಲಲ್ಲಿ ನಿಂತಿದ್ದಳು. ನಮ್ಮವರಿಗೆ ಉಳಿದದ್ದು ಒಂದೇ ಔಟು, ಅದಾದರೆ ನಮ್ಮ ಸರದಿ ಮುಗಿದಂತೆ. ದಾಂಡು ಚೈತ್ರಾಳ ಕೈಯಲ್ಲಿ. ನಾನು ಕಣ್ಣು ಮುಚ್ಚಿ ಏರಿಯಮ್ಮನನ್ನು ನೆನೆದೆ, ತಕ್ಷಣ ಬಿಳಿಚೋಡಿನ ದೇವರು ಬೇಸರ ಮಾಡಿಕೊಂಡಾನು ಎಂದು ಅವನನ್ನೂ ನೆನೆದೆ. ದಾಂಡಿನ ಸದ್ದು ಕೇಳಿ ಕಣ್ಣು ಬಿಟ್ಟೆ. ಅಂಥ ಹೊಡೆತವನ್ನು ಅವಳು ಹಿಂದೆಂದೂ ಹೊಡೆದಿರಲಿಲ್ಲ. ಚೆಂಡು ನೆಲಕ್ಕೆ ಒಮ್ಮೆ ತಾಗಿ, ಗೀರು ಎಳೆದ ಹಾಗೆ ಮೂರನೇ ಬೇಸಿಗೆ ಹೋಗಿ ಆ ಸಣಕಲು ಹುಡುಗಿಯ ಮುಖಕ್ಕೆ ಬಡಿಯಿತು.

ಠಣ್ ಎಂ‌ದಿತು. ಗುಡಿಯ ಗಂಟೆಯದೇ ಸದ್ದು.

ಇಡೀ ಮೈದಾನ ಕಲ್ಲಾಯಿತು. ಮೊದಲ ಬೇಸಿಗೆ ಓಡುತ್ತಿದ್ದ ಚೈತ್ರಾ ಅರ್ಧ ದಾರಿಯಲ್ಲಿ ನಿಂತು ಹಿಂದಿರುಗಿ ನೋಡಿದಳು. ನಮ್ಮವರೆಲ್ಲ ಓಡು ಓಡು ಎಂದು ಕಿರುಚುತ್ತಿದ್ದರು. ಅವಳ ಕಾಲು ಕದಲಲಿಲ್ಲ. ಅವಳ ಕೈ ತನಗೇ ತಿಳಿಯದೆ ತನ್ನ ಎಡಗೆನ್ನೆಗೆ ಹೋಗಿತ್ತು. ಆ ಹುಡುಗಿ ಒಂದು ಹೆಜ್ಜೆ ಹಿಂದಕ್ಕೆ ಹೋದಳು, ತಲೆ ಕೊಡವಿದಳು, ಕಾಲ ಬಳಿ ಬಿದ್ದ ಚೆಂಡು ಎತ್ತಿ ಮೊದಲ ಬೇಸಿಗೆ ಬೀಸಿದಳು. ಚೈತ್ರಾ ಔಟು. ಹೊಡೆದವಳು ಮೊದಲ ಬೇಸು ಮುಟ್ಟದೆ ಕೊನೆಯ ಔಟಾದರೆ ಮನೆಗೆ ಬಂದ ಓಟವೂ ಲೆಕ್ಕಕ್ಕಿಲ್ಲ. ಸಮವಾದದ್ದಕ್ಕೆ ಇನ್ನೊಂದು ಸುತ್ತು ಆಡಿಸಿದರು, ಅದರಲ್ಲಿ ಜಗಳೂರಿನವರು ಗೆದ್ದರು.

ನಾನು ಆ ಹುಡುಗಿಯ ಬಳಿ ಹೋದೆ. ಜಾಲರಿ ತೆಗೆದು ನೋಡಿದೆ. ಎಡಗಣ್ಣಿನ ಕೆಳಗಿನ ತಂತಿ ಒಂದಿಷ್ಟು ಒಳಗೆ ಬಾಗಿತ್ತು. ಅದರ ಹಿಂದೆ ಕೆನ್ನೆ ಹಾಗೇ ಇತ್ತು, ಬೆವರು ಮತ್ತು ಕುಂಕುಮ ಬಿಟ್ಟರೆ ಇನ್ನೇನೂ ಇರಲಿಲ್ಲ. ಯಾರ ಮಗಳವ್ವ ಎಂದು ಕೇಳಿದೆ. ಬಿಳಿಚೋಡು ಅಂದಳು. ಅವಳಪ್ಪ ಕುರಿ ಕಾಯುವವನು, ನಮ್ಮ ತವರಿನ ಹೊಲದಲ್ಲಿ ಕುರಿ ಹಟ್ಟಿ ಹಾಕುತ್ತಿದ್ದವರ ಮನೆಯವನೇ. ಅವ್ವ ಆಟ ನೋಡಾಕೆ ಬಂದಿಲ್ಲ, ಶೇಂಗಾ ಬಿಡಿಸಾಕೆ ಹೋಗ್ಯಾಳೆ ಅಂದಳು. ನಾನು ಸೆರಗಿನಿಂದ ಅವಳ ಮುಖ ಒರೆಸಿದೆ. ಕುಂಕುಮ ಹೋಗಲಿಲ್ಲ.

ವಾಪಸು ಬರುವಾಗ ಟೆಂಪೋದಲ್ಲಿ ಹುಡುಗಿಯರು ಚೈತ್ರಾಳನ್ನು ಚೆನ್ನಾಗಿ ಬೈದರು. ನಿಂತ್ಯಾಕೆ ನೋಡ್ತಿದ್ದೆ, ಫೋಟೋ ತೆಗೀತಿದ್ದೇನು ಎಂದು ಕಾಡಿದರು. ಅವಳು ತಲೆ ತಗ್ಗಿಸಿ ಕೂತಿದ್ದಳು. ಮೇಡಂ ಮುಂದಿನ ಸೀಟಿನಿಂದ ತಿರುಗಿ, ಅವಳು ನಿಲ್ಲದಿದ್ದರೆ ನಾಳೆಯಿಂದ ನಾನೇ ತಂಡದಿಂದ ತೆಗೆಯುತ್ತಿದ್ದೆ ಎಂದಷ್ಟೇ ಹೇಳಿ ಅರ್ಧ ಹಲ್ಲು ತೋರಿಸಿ ನಕ್ಕರು. ಆಮೇಲೆ ಯಾರೂ ಬೈಯಲಿಲ್ಲ. ನ್ಯಾಮತಿಯ ತಮ್ಮ ಮನೆಗೆ ಹೋಗಬೇಕಿದ್ದ ಮೇಡಂ ನಮ್ಮೊಂದಿಗೇ ಬಂದು ಎಲ್ಲರನ್ನೂ ಮನೆ ಮುಟ್ಟಿಸಿದರು.

ಬಾಗಿಲಲ್ಲೇ ಕಾದಿದ್ದ ಅತ್ತೆ ಗೆದ್ದಿರಾ ಎಂದು ಕೇಳಲಿಲ್ಲ. ಜಾಲರಿಯನ್ನು ಕೈಗೆ ತೆಗೆದುಕೊಂಡು ಬಾಗಿದ ತಂತಿಯ ಮೇಲೆ ಬೆರಳಾಡಿಸಿದರು. ಮೊಮ್ಮಗಳ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು, ಪೆಟ್ಟು ಕಾಣಲಿಲ್ಲ. ಹಾಗಾದರೆ ಇದು ಯಾರ ಮುಖಕ್ಕೆ ಬಿದ್ದದ್ದು ಎಂದು ನನ್ನ ಕಡೆ ನೋಡಿದರು. ನಾನು ಎಲ್ಲ ಹೇಳಿದೆ. ಅವರು, "ಅದಕ್ಕೇ ನೋಡು, ನಡುವೆ ಬಿದ್ದಿದ್ದು ಹೂವು" ಅಂದರು.

ತಂತಿಯನ್ನು ನೆಟ್ಟಗೆ ಮಾಡಿಕೊಡುತ್ತೇನೆ ಎಂದು ನಮ್ಮ ಮನೆಯವರು ಸುತ್ತಿಗೆ ಹಿಡಿದುಕೊಂಡು ಬಂದರು. ಅತ್ತೆ ಬಿಡಲಿಲ್ಲ. ಚೈತ್ರಾಳಿಗೆ ಹೊಸದೊಂದು ತರಿಸೋಣ, ಇದು ಇಲ್ಲೇ ಇರಲಿ ಎಂದು ಪಂಚಾಂಗ ಇಳಿಸಿ ಆ ಮೊಳೆಗೆ ತೂಗುಹಾಕಿದರು. ಒಣಗಿದ ಕಣಗಿಲೆ ಹೂವು ಈಗಲೂ ಅದರಲ್ಲಿದೆ.

ಇನ್ನೊಂದು ಕೆಲಸ ಬಾಕಿಯಿತ್ತು. ಬಿಳಿಚೋಡಿನ ಆ ತಾಯಿ ಶೇಂಗಾ ಬಿಡಿಸುತ್ತಿದ್ದಾಗ ಅವಳ ಮಗಳಿಗೆ ಏನು ತಪ್ಪಿತು ಎಂಬುದು ಅವಳಿಗೆ ಗೊತ್ತಿಲ್ಲ. ಏರಿಯಮ್ಮನಿಗೆ ಮೌನದ ಸುತ್ತು ಇಷ್ಟ ಎಂಬುದೂ ಗೊತ್ತಿಲ್ಲ. ಗೊತ್ತಿರುವವಳು ನಾನೊಬ್ಬಳೇ, ಹಾಗಾಗಿ ಅವಳ ಪರವಾಗಿ ನಾನೇ ಹೋದೆ. ಎರಡು ದಿನ ಬಿಟ್ಟು, ತಲೆಗೆ ನೀರು ಹಾಕಿಕೊಂಡು, ತಟ್ಟೆ ಹಿಡಿದು ಹೊರಟೆ. ಹೊಸಿಲಿನಲ್ಲಿ ಅತ್ತೆ ತಡೆದರು. ತಟ್ಟೆಯ ಮೇಲಿನ ಬಟ್ಟೆ ಸರಿಸಿ ನೋಡಿದರು. ತೆಂಗಿನಕಾಯಿ, ಬಾಳೆಹಣ್ಣು, ಊದುಬತ್ತಿ. ಕಾಯಿಯನ್ನು ಎತ್ತಿ ಕೆಳಗೂ ನೋಡಿದರು. ಆಮೇಲೆ ನನ್ನ ಕಿವಿಯ ಓಲೆ, ಕೈಯ ಮೊಬೈಲು ನೋಡಿ, ಮೊಬೈಲನ್ನು ಇಸಿದುಕೊಂಡು, ಇನ್ನು ಹೋಗು ಅಂದರು.

ಆ ದಿನ ನಿಧಾನವಾಗಿ ಸುತ್ತು ಹಾಕಿದೆ. ಬಾಗಿಲ ಎದುರು ಬಂದಾಗಲೆಲ್ಲ ಒಳಗೆ ನೋಡುತ್ತಿದ್ದೆ. ಬೆಳ್ಳಿಯ ಮುಖ ಹಣತೆಯ ಬೆಳಕಿಗೆ ಹೊಳೆಯುತ್ತಿತ್ತು. ಅದರ ಹಿಂದೆ ಮುಕ್ಕಾದ ಒಂದು ಕೆನ್ನೆಯಿದೆ ಎಂದು ನೆನೆದಾಗ ನನಗೆ ಅಮ್ಮ ಮೊದಲಿಗಿಂತ ಹತ್ತಿರದವಳು ಅನಿಸಿದಳು. ಮೂರನೇ ಬೇಸಿನಲ್ಲಿ ನಿಂತವರ ಕಷ್ಟ ಅವಳಿಗೆ ಗೊತ್ತು.